ಹುಳುಮನೆಯ ತಂಪು

ಏಪ್ರಿಲ್ ತಿಂಗಳಲ್ಲಿ ಬಸ್ಸಿನೊಳಗೆ ಬಿಸಿಲು ಬೀಳುವ ಬದಿಯ ಕಿಟಕಿ ಸೀಟಿಗೆ ಯಾರೂ ಜಗಳ ಆಡುವುದಿಲ್ಲ. ನಾನು ಹೋಳೂರಿನಿಂದ ಶ್ರೀನಿವಾಸಪುರಕ್ಕೆ ದಿನಾ ಹೋಗಿಬರುವವನು, ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಬೆಳಿಗ್ಗೆ ನಾನು ಬಸ್ಸು ಹತ್ತುವ ಹೊತ್ತಿಗೆ ಜನ ನೆರಳಿನ ಬದಿಯಲ್ಲಿ ಮೂವರ ಸೀಟಿಗೆ ನಾಲ್ವರಾಗಿ ಒತ್ತಿಕೊಂಡು ಕೂತಿರುತ್ತಾರೆ. ನಾನು ಮಾತ್ರ ನೆಟ್ಟಗೆ ಬಿಸಿಲಿನ ಬದಿಗೆ ಹೋಗಿ, ಕಾದ ಕಿಟಕಿಗೆ ಭುಜ ಆನಿಸಿ, ಬೆನ್ನನ್ನು ಅರ್ಧ ತಿರುಗಿಸಿ ಬಿಸಿಲಿಗೆ ಒಡ್ಡಿ ಕೂರುತ್ತೇನೆ. ಹೊಸದಾಗಿ ಬಂದ ಕಂಡಕ್ಟರ್ ಒಬ್ಬ ಒಂದು ವಾರ ಇದನ್ನು ನೋಡಿದ. ಆಮೇಲೆ ಒಂದು ದಿನ ಟಿಕೆಟ್ ಕೊಡುತ್ತಾ, "ಸಾರ್, ಆ ಕಡೆ ನೆರಳೈತೆ, ಬನ್ನಿ, ಜಾಗ ಮಾಡಿಸ್ತೀನಿ" ಅಂದ. "ಬೇಡಪ್ಪ, ಇಲ್ಲೇ ಚೆನ್ನಾಗೈತೆ" ಅಂದೆ. ಅವನು ನನ್ನ ಮುಖ ನೋಡಿದ, ಹಿಂದಿನ ಸೀಟಿನವರ ಮುಖ ನೋಡಿದ, ಮುಂದಕ್ಕೆ ಹೋದ. ಆವತ್ತಿನಿಂದ ನನ್ನ ಹತ್ತಿರ ಸ್ವಲ್ಪ ಹುಷಾರಾಗಿ ಮಾತಾಡುತ್ತಾನೆ.

ಅವನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನನಗೆ ಬೆನ್ನುನೋವು. ಅದು ಯಾರಿಗಿಲ್ಲ ಎಂದು ನೀವು ಕೇಳಬಹುದು. ಎಲ್ಲರೂ ಕೇಳುತ್ತಾರೆ, ನನಗೆ ಬೇಸರವಿಲ್ಲ. ನನ್ನದು ಸೊಂಟದ ಬುಡದಲ್ಲಿ ಶುರುವಾಗಿ ಕತ್ತಿನವರೆಗೆ ಹತ್ತುವ ನೋವು. ಬಂದು ಇಪ್ಪತ್ತೆರಡು ವರ್ಷವಾಯಿತು. ದುಡಿದರೆ ಬರುವ ನೋವು ಇದಲ್ಲ, ಸುಮ್ಮನಿದ್ದರೆ ಬರುವ ನೋವು. ಎರಡು ಗಂಟೆ ಮಲಗಿ ಎದ್ದರೆ ಬೆನ್ನು ಹಲಗೆಯಾಗಿರುತ್ತದೆ. ನಡೆದಾಡಿ, ಬಿಸಿ ಮುಟ್ಟಿಸಿ, ಅತ್ತ ಇತ್ತ ಬಗ್ಗಿದ ಮೇಲೆ ನಿಧಾನಕ್ಕೆ ಮತ್ತೆ ಬೆನ್ನಾಗುತ್ತದೆ. ಕೋಲಾರದಲ್ಲಿ ನನ್ನನ್ನು ನೋಡುವ ಡಾಕ್ಟರು ಎರಡೂ ಕೈಯ ಬೆರಳುಗಳನ್ನು ಒಂದರೊಳಗೊಂದು ಹೆಣೆದು ತೋರಿಸಿ, "ಮೂಳೆಗಳು ಹಿಂಗೆ ಅಂಟ್ಕೊಳ್ಳಕ್ಕೆ ನೋಡ್ತಾವೆ ಮೇಷ್ಟ್ರೇ, ನೀವು ಬಿಡಬಾರ್ದು. ಇದು ವಾಸಿ ಮಾಡ್ಕೊಂಡು ಮರೆಯೋದಲ್ಲ, ಜೊತೇಲಿಟ್ಕೊಂಡು ಬದುಕೋದು" ಅಂದಿದ್ದರು. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರೂ ಇದೆ. ನಮ್ಮ ಮನೆಯಲ್ಲಿ ಅದನ್ನು ಪೂರ್ತಿ ಹೇಳಬಲ್ಲವರು ಯಾರೂ ಇಲ್ಲ, ನನ್ನನ್ನೂ ಸೇರಿಸಿ. ಅರ್ಧ ತೆಲುಗು, ಅರ್ಧ ಕನ್ನಡದ ಮನೆ ನಮ್ಮದು. ಮನೆಯಲ್ಲಿ ಅದು ನೊಪ್ಪಿ, ಶಾಲೆಯಲ್ಲಿ ನೋವು, ರಜೆ ಚೀಟಿಯಲ್ಲಿ ಬ್ಯಾಕ್ ಪೇನ್. ಮೂರು ಭಾಷೆಯಲ್ಲೂ ಅದು ಒಂದೇ ತರಹ ಇರುತ್ತದೆ.

ಚಳಿಗಾಲದಲ್ಲಿ ನನ್ನ ನೋವಿಗೆ ಜನರ ಅನುಕಂಪ ಸಿಗುತ್ತದೆ. ಬೇಸಿಗೆಯಲ್ಲಿ ಸಿಗುವುದಿಲ್ಲ. "ಬಿಸಿಲು ಬಂತಲ್ಲ ಮೇಷ್ಟ್ರೇ, ಇನ್ನು ನಿಮಗೆ ಆರಾಮ" ಎಂದು ಸಿಕ್ಕವರೆಲ್ಲ ಶುಭ ಸುದ್ದಿಯಂತೆ ಹೇಳುತ್ತಾರೆ. ಬೆಳಗಿನ ಹತ್ತು ಗಂಟೆಯವರೆಗೆ ಅದು ನಿಜ. ಹನ್ನೊಂದರ ಮೇಲೆ ಬಿಸಿಲು ನನ್ನನ್ನೂ ಎಲ್ಲರ ಹಾಗೆಯೇ ಬೇಯಿಸುತ್ತದೆ. ಬೆವರಿ ಬೆವರಿ ಸುಸ್ತಾದ ಮೈಯಲ್ಲಿ ನೋವು ಇನ್ನೂ ದೊಡ್ಡದಾಗಿ ಕಾಣುತ್ತದೆ, ಮಾತ್ರೆ ಹೊಟ್ಟೆಯಲ್ಲಿ ಉರಿಯುತ್ತದೆ. ಇನ್ನು ಫ್ಯಾನು. ಫ್ಯಾನಿನ ಗಾಳಿ ನೇರವಾಗಿ ಬಿದ್ದರೆ ಅರ್ಧ ಗಂಟೆಯಲ್ಲಿ ಕತ್ತು ಹಿಡಿದುಕೊಳ್ಳುತ್ತದೆ, ಆರಿಸಿದರೆ ಉಸಿರು ಕಟ್ಟುತ್ತದೆ. ಹತ್ತಾರು ಬೇಸಿಗೆ ಪ್ರಯೋಗ ಮಾಡಿ ನಾನು ಕಂಡುಕೊಂಡ ಉಪಾಯವೆಂದರೆ ಟೇಬಲ್ ಫ್ಯಾನನ್ನು ಗೋಡೆಗೆ ಮುಖ ಮಾಡಿ ಇಡುವುದು. ಗೋಡೆಗೆ ಬಡಿದು ಸೋತು ಬಂದ ಗಾಳಿ ನನಗೆ ಸಾಕು. ನೆಂಟರು ಬಂದಾಗ ನನ್ನ ಹೆಂಡತಿ ಆ ಫ್ಯಾನನ್ನು ತಿರುಗಿಸಿ ಇಟ್ಟುಬಿಡುತ್ತಾಳೆ, ವಿವರಿಸುವ ಕಷ್ಟ ಯಾಕೆ ಎಂದು.

ಊಟದ ವಿಷಯ ಇನ್ನೂ ತಮಾಷೆ. ನಮ್ಮ ಕಡೆ ಜಗತ್ತಿನ ಎಲ್ಲ ಪದಾರ್ಥಗಳೂ ಉಷ್ಣ, ಶೀತ, ವಾಯು ಎಂಬ ಮೂರು ಗುಂಪಿಗೆ ಸೇರುತ್ತವೆ. ಬೆನ್ನುನೋವು ವಾಯುವಿನದು, ಅದಕ್ಕೆ ಉಷ್ಣ ಬೇಕು. ಬೇಸಿಗೆ ಉಷ್ಣದ್ದು, ಅದಕ್ಕೆ ಶೀತ ಬೇಕು. ನನ್ನ ಸಹೋದ್ಯೋಗಿಗಳು ಸ್ಟಾಫ್ ರೂಮಿನಲ್ಲಿ ನನ್ನ ಡಬ್ಬಿ ತೆರೆಯುವುದನ್ನೇ ಕಾಯುತ್ತಿರುತ್ತಾರೆ. ಮಜ್ಜಿಗೆ ಕಂಡರೆ ಒಬ್ಬರು "ಶೀತ ಸಾರ್, ಬೆನ್ನು ಹಿಡ್ಕೊಳ್ತದೆ" ಅನ್ನುತ್ತಾರೆ. ಹುರುಳಿ ಸಾರು ಕಂಡರೆ ಇನ್ನೊಬ್ಬರು "ಈ ಬಿಸಿಲಲ್ಲಿ ಹುರುಳೀನಾ, ಮೂಗಲ್ಲಿ ರಕ್ತ ಬರ್ತದೆ" ಅನ್ನುತ್ತಾರೆ. ಆಲೂಗಡ್ಡೆ ವಾಯು, ಎಳನೀರು ಶೀತ. ಮಾವಿಗೆ ಹೆಸರಾದ ಶ್ರೀನಿವಾಸಪುರದಲ್ಲಿ ಕೆಲಸ ಮಾಡಿಕೊಂಡು, ಮೇಜಿನ ಮೇಲೆ ಮಕ್ಕಳು ತಂದಿಟ್ಟ ಹಣ್ಣಿನ ವಾಸನೆ ಕುಡಿದುಕೊಂಡು, ಮಾವು ಉಷ್ಣ ಎಂಬ ಉಪದೇಶ ಕೇಳುವುದು ಎಂಥ ಶಿಕ್ಷೆ ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ಕಡೆಗೆ ಎಲ್ಲರೂ ಒಪ್ಪಿಗೆ ಕೊಡುವ ಪದಾರ್ಥ ರಾಗಿ ಮುದ್ದೆ ಒಂದೇ. ಆದರೆ ಅದನ್ನು ಯಾವುದರಲ್ಲಿ ಅದ್ದಿ ನುಂಗಬೇಕು ಎಂಬುದರ ಬಗ್ಗೆ ಇನ್ನೂ ಒಮ್ಮತವಾಗಿಲ್ಲ.

ಹೀಗಾಗಿ ನಾನು ಕಣ್ಣುಮುಚ್ಚಿ ನಂಬಿದ್ದು ಮುಲಾಮನ್ನು. ನಮ್ಮ ಮಾತಿನಲ್ಲಿ ಬಾಮು. ಅದು ಉಷ್ಣವೂ ಹೌದು, ಹಚ್ಚಿದ ಮೇಲೆ ಗಾಳಿ ಸೋಕಿದರೆ ತಣ್ಣಗೂ ಅನ್ನಿಸುತ್ತದೆ. ಮೂರು ಗುಂಪಿನವರಿಗೂ ಸಮಾಧಾನ. ಬೆಳಿಗ್ಗೆ ಒಮ್ಮೆ, ಶಾಲೆಯಿಂದ ಬಂದು ಒಮ್ಮೆ, ರಜೆಯ ದಿನವಾದರೆ ಮಧ್ಯಾಹ್ನವೂ ಒಮ್ಮೆ. ನನ್ನ ಅಂಗಿ, ನನ್ನ ಟವೆಲ್ಲು, ನಾನು ತಿದ್ದಿದ ಉತ್ತರಪತ್ರಿಕೆಗಳು, ಎಲ್ಲಕ್ಕೂ ಅದೇ ವಾಸನೆ. ತರಗತಿಗೆ ನಾನು ಹೋಗುವ ಮುಂಚೆ ನನ್ನ ವಾಸನೆ ಹೋಗಿರುತ್ತದೆ. ಬಾಗಿಲ ಹತ್ತಿರದ ಬೆಂಚಿನವರು "ಬಂತು ಕಣ್ರೋ" ಎಂದು ಪಿಸುಗುಟ್ಟುವುದು ನನಗೆ ಎಷ್ಟೋ ಸಲ ಕೇಳಿಸಿದೆ. ಅವರು ಪುಸ್ತಕ ತೆಗೆದು ಕೂತಿರುತ್ತಾರಾದ್ದರಿಂದ ನಾನು ದೂರು ಹೇಳಿಲ್ಲ. ಈ ವಾಸನೆಯನ್ನು ಸಹಿಸದ ಜಾಗ ನನ್ನ ಬದುಕಿನಲ್ಲಿ ಒಂದೇ ಒಂದು. ಅದು ನಮ್ಮ ಹುಳುಮನೆ.

ಹೋಳೂರಿನ ನಮ್ಮ ಮನೆ ಹಿಂದೆ ರೇಷ್ಮೆ ಹುಳು ಸಾಕುವ ಒಂದು ಉದ್ದನೆಯ ಕೋಣೆ ಇದೆ. ಮಣ್ಣಿನ ದಪ್ಪ ಗೋಡೆ, ಗಾರೆ ನೆಲ, ಮೇಲಿನ ಶೀಟಿನ ಮೇಲೆ ತೆಂಗಿನ ಗರಿ. ಬೇಸಿಗೆಯಲ್ಲಿ ಕಿಟಕಿಗಳಿಗೆಲ್ಲ ಗೋಣಿಚೀಲ ಇಳಿಬಿಟ್ಟು ಗಂಟೆಗೊಮ್ಮೆ ಅದಕ್ಕೆ ನೀರು ಹಾಕುತ್ತಾರೆ. ಹೊರಗೆ ನಾಯಿಗಳು ನೆರಳು ಹುಡುಕಿಕೊಂಡು ಅಲೆಯುವ ಹೊತ್ತಿನಲ್ಲೂ ಅದರೊಳಗೆ ಬೆಳಗಿನ ಜಾವದ ತಂಪು. ಆ ಕೋಣೆಯ ಒಡತಿ ನಮ್ಮಣ್ಣನ ಹೆಂಡತಿ ನಾರಾಯಣಮ್ಮ. ನಮ್ಮ ಮನೆಯ ತೆಲುಗಿನಲ್ಲಿ ಅತ್ತಿಗೆಗೆ ವದಿನ ಅನ್ನುತ್ತೇವೆ, ನಾನು ಹಾಗೇ ಕರೆಯುವುದು. ಅವಳು ಈ ಮನೆಗೆ ಬಂದಾಗ ನನಗೆ ಹತ್ತು ವರ್ಷ. ನಮ್ಮಮ್ಮ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ನನಗೆ ಅನ್ನ ಕಲಸಿ ಕೊಟ್ಟು ದೊಡ್ಡವನನ್ನಾಗಿ ಮಾಡಿದವಳು ಅವಳೇ. ಈಗ ಅರವತ್ತೈದು ದಾಟಿದೆ. ಅಣ್ಣ ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಾನೆ, ಹುಳುಗಳೆಲ್ಲ ವದಿನಳವು.

ಚಿಕ್ಕವನಿದ್ದಾಗ ನಾನು ಬೇಸಿಗೆ ರಜೆಯನ್ನು ಕಳೆದದ್ದೇ ಆ ಕೋಣೆಯಲ್ಲಿ. ಆಗ ಬಿದಿರಿನ ತಟ್ಟೆಗಳಿದ್ದವು. ತಟ್ಟೆಗಳ ಕೆಳಗೆ ಚಾಪೆ ಹಾಕಿ ಮಲಗಿದರೆ ಮೇಲೆ ಸಾವಿರಾರು ಹುಳು ಸೊಪ್ಪು ತಿನ್ನುವ ಸದ್ದು. ಬರೆಯುವವರು ಅದನ್ನು ಮಳೆಯ ಸದ್ದಿಗೆ ಹೋಲಿಸುತ್ತಾರೆ. ನಮ್ಮ ಜಿಲ್ಲೆಯವರಿಗೆ ಮಳೆಯ ಪರಿಚಯ ಅಷ್ಟಿಲ್ಲವಾದ್ದರಿಂದ ನನಗೆ ಹಾಗೆ ಅನ್ನಿಸಿರಲಿಲ್ಲ. ಮುಂದೆ ಮೇಷ್ಟ್ರಾದ ಮೇಲೆ ಒಂದು ದಿನ ಪರೀಕ್ಷೆಯ ಹಾಲಿನಲ್ಲಿ ನಡೆದಾಡುತ್ತಿದ್ದಾಗ, ಮಕ್ಕಳೆಲ್ಲ ತಲೆ ತಗ್ಗಿಸಿ ಬರೆಯುವ ಸದ್ದು ಕೇಳಿ, ಇದೇ ಅದು ಎಂದು ನಿಂತುಬಿಟ್ಟೆ. ಹುಳುಗಳು ಬೆಳೆಯುವಾಗ ನಾಲ್ಕು ಸಲ ಚರ್ಮ ಕಳಚುತ್ತವೆ. ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ: ಒಂದನೇ ಜ್ವರ, ಎರಡನೇ ಜ್ವರ. ಜ್ವರಕ್ಕೆ ಕೂತ ಹುಳು ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ತಲೆ ಎತ್ತಿಕೊಂಡು ಬಿಗಿದುಕೊಂಡಿರುತ್ತದೆ. ಆಗ ಕೋಣೆಯಲ್ಲಿ ಕೆಮ್ಮಲಿಕ್ಕೂ ವದಿನ ಬಿಡುತ್ತಿರಲಿಲ್ಲ. ನಾನು ಜ್ವರ ಬಂದು ಮಲಗಿದಾಗ ಅಷ್ಟು ನಿಶ್ಶಬ್ದ ಸಿಕ್ಕಿದ್ದು ನೆನಪಿಲ್ಲ.

ಹುಳುಗಳಿಗೆ ಯಾವ ಘಾಟೂ ಆಗದು ಎಂಬುದು ನಮ್ಮ ಕಡೆ ಹುಳು ಸಾಕುವವರೆಲ್ಲರ ನಂಬಿಕೆ. ಬೀಡಿ, ಸೆಂಟು, ಒಗ್ಗರಣೆಯ ಹೊಗೆ, ಯಾವುದೂ ಬಾಗಿಲು ದಾಟಬಾರದು. ಯಾರು ಹೇಳಿದರೂ ಬೀಡಿ ಬಿಡದ ಅಣ್ಣ ಹುಳುಗಳ ದೆಸೆಯಿಂದ ಬಿಟ್ಟ. ನನ್ನ ಮದುವೆಯಾಗಿ ಹೆಂಡತಿ ಮೊದಲ ಸಲ ಮನೆ ನೋಡಲು ಬಂದಾಗ, ವದಿನ ಅವಳನ್ನು ಹುಳುಮನೆ ಬಾಗಿಲಲ್ಲೇ ತಡೆದು, "ಮಲ್ಲಿಗೆ ತೆಗೆದಿಟ್ಟು ಬಾ ತಾಯಿ" ಅಂದಿದ್ದಳು. ಮದುಮಗಳ ಮುಡಿಯ ಹೂವು ತೆಗೆಸಿದ್ದಕ್ಕೆ ಬೀಗರು ವರ್ಷಗಟ್ಟಲೆ ಆಡಿಕೊಂಡರು. ಅಂಥವಳು ನನ್ನ ಬಾಮನ್ನು ಬಿಡುತ್ತಾಳೆಯೇ? ನೋವು ಶುರುವಾದ ಮೊದಲ ವರ್ಷವೇ ಬಾಗಿಲಿಗೆ ಅಡ್ಡ ನಿಂತು, "ನಾಯ್ನಾ, ನಿಂಗೆ ಆ ಬಾಮು ಬೇಕೇ ಬೇಕು, ಬೇಡ ಅನ್ನಲ್ಲ. ಆದ್ರೆ ಇನ್ಮೇಲೆ ಈ ಹೊಸ್ತಿಲು ನಿಂದಲ್ಲ" ಅಂದಳು. ನಾಯ್ನಾ ಅಂದರೆ ಅಪ್ಪಾ, ಮುದ್ದಿನ ಮಾತು. ನಗುತ್ತಲೇ ಹೇಳಿದಳು, ನಾನೂ ನಕ್ಕೆ. ಇಪ್ಪತ್ತು ವರ್ಷ ಆ ಮಾತು ಹಾಗೇ ನಡೆಯಿತು.

ನಾವು ಮಲಗುವುದು ಮುಂದಿನ ಆರ್‌ಸಿಸಿ ಮನೆಯಲ್ಲಿ. ಮೇ ತಿಂಗಳ ಮಧ್ಯಾಹ್ನ ಅದರ ತಾರಸಿ ಕಾದು, ಕೆಳಗಿರುವವರ ತಲೆ ಮೇಲೆ ಹೆಂಚು ಇಟ್ಟಂತಿರುತ್ತದೆ. ಹತ್ತೇ ಹೆಜ್ಜೆ ಆಚೆ ಹುಳುಗಳು ಒದ್ದೆ ಗೋಣಿಯ ಗಾಳಿಯಲ್ಲಿ ಸುಖವಾಗಿರುತ್ತವೆ. ಅಣ್ಣ ಕೂಡ ಊಟವಾದ ಮೇಲೆ ಸೊಪ್ಪು ಹಾಕುವ ನೆಪದಲ್ಲಿ ಒಳಗೆ ಹೋಗಿ ಒಂದು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ತೂಕಡಿಸುತ್ತಾನೆ. ನಾನು ಹಿಂದಿನ ವರಾಂಡದಲ್ಲಿ ಕೂತು ಆ ಬಾಗಿಲು ನೋಡುತ್ತಿರುತ್ತೇನೆ. ಹುಳುವಿನ ಮೇಲೆ ಹೊಟ್ಟೆಕಿಚ್ಚು ಪಡುವ ಸ್ಥಿತಿಗೆ ಮನುಷ್ಯ ಬರಬಾರದು, ಆದರೆ ನಾನು ಬಂದಿದ್ದೆ. ಬಾಮು ಬಿಟ್ಟು ತಂಪು ತೆಗೆದುಕೊಳ್ಳಲೋ, ತಂಪು ಬಿಟ್ಟು ಬಾಮು ಹಚ್ಚಿಕೊಳ್ಳಲೋ ಎಂದು ಪ್ರತಿ ಬೇಸಿಗೆಯಲ್ಲೂ ಯೋಚಿಸುತ್ತಿದ್ದೆ. ಎರಡು ದಿನ ಬಾಮಿಲ್ಲದೆ ಇದ್ದು ನೋಡಿದ್ದೂ ಉಂಟು. ಮೂರನೆಯ ದಿನ ಚಪ್ಪಲಿ ಹಾಕಿಕೊಳ್ಳಲು ಬಗ್ಗಲಾಗಲಿಲ್ಲ.

ಕಳೆದ ವರ್ಷದ ಮೇ ತಿಂಗಳ ಮಾತಿಗೆ ಬರುತ್ತೇನೆ. ವದಿನಳ ತವರು ಮುಳಬಾಗಿಲು ಕಡೆಯ ತಾಯಲೂರು. ಅಲ್ಲಿ ಅವಳ ತಮ್ಮನ ಮಗಳಿಗೆ ಸೀಮಂತ. ಹುಳು ಮನೆಯಲ್ಲಿದ್ದಾಗ ವದಿನ ಇಡೀ ದಿನ ಊರು ಬಿಟ್ಟದ್ದೇ ಇಲ್ಲ. ಸ್ವಂತ ತಂಗಿಯ ಮದುವೆಗೆ ಧಾರೆಯ ಹೊತ್ತಿಗೆ ಹೋಗಿ ಊಟಕ್ಕೂ ನಿಲ್ಲದೆ ಬಂದವಳು. ಈ ಸಲವೂ ಹುಳುಗಳು ನಾಲ್ಕನೇ ಜ್ವರಕ್ಕೆ ಕೂರುವ ದಿನವೇ ಸೀಮಂತ ಬಿತ್ತು. "ನಾನ್ ಹೋಗಲ್ಲ" ಅಂದಳು. ಅಣ್ಣನೂ ನಾನೂ ಸೇರಿ ಎರಡು ದಿನ ಹೇಳಿ ಹೇಳಿ ಒಪ್ಪಿಸಿದೆವು. "ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕೋದೂ ಇಲ್ಲ. ಗೋಣಿಗೆ ನೀರ್ ಹಾಕೋದು ತಾನೆ, ನಾವಿಲ್ವಾ?" ಎಂದು ಹೆಚ್ಚು ಒತ್ತಾಯ ಮಾಡಿದವನು ನಾನೇ. ಅವಳು ಬೆಳಗಿನ ಬಸ್ಸಿಗೆ ಹೊರಟಳು. ಹೊಸ ಸೀರೆ ಉಟ್ಟುಕೊಂಡು, ಹೊರಡುವ ಮುಂಚೆ ಮೂರು ಸಲ ವಾಪಸ್ಸು ಬಂದು ಗೋಣಿ ಮುಟ್ಟಿ ನೋಡಿದಳು. ನನ್ನ ಹೆಂಡತಿ ಆಗ ರಜೆಗೆಂದು ಮಾಲೂರಿನ ತವರಿಗೆ ಹೋಗಿದ್ದಳು, ಮನೆಯಲ್ಲಿ ಉಳಿದದ್ದು ಅಣ್ಣ ಮತ್ತು ನಾನು.

ಮಧ್ಯಾಹ್ನ ಒಂದು ಗಂಟೆಗೆ ಅಣ್ಣ ಗೋಣಿಗಳಿಗೆ ನೀರು ಹಾಕಿ, ತೋಟದಲ್ಲಿ ಮೋಟರಿಗೆ ಕರೆಂಟು ಬರುವ ಹೊತ್ತಾಯಿತೆಂದು ಹೊರಟುಹೋದ. "ಎರಡಕ್ಕೆ ಒಂದು ಸಲ ನೀನು ಹೊರಗಿಂದ್ಲೇ ನೀರ್ ಹಾಕು" ಅಂದ. ಅವನು ಹೋದ ಸ್ವಲ್ಪ ಹೊತ್ತಿಗೆ ಮನೆಯ ಕರೆಂಟು ಹೋಯಿತು. ಗೋಡೆಗೆ ಮುಖ ಮಾಡಿದ್ದ ಫ್ಯಾನೂ ನಿಂತಿತು. ಆವತ್ತು ಬೆಳಗಿನಿಂದಲೇ ಸೊಂಟದಲ್ಲಿ ಚುಚ್ಚುತ್ತಿತ್ತು, ಆಗಷ್ಟೇ ದಂಡಿಯಾಗಿ ಬಾಮು ಬಳಿದುಕೊಂಡಿದ್ದೆ. ಬೆವರಿಗೆ ಅದು ಕರಗಿ ಬೆನ್ನಿನುದ್ದಕ್ಕೂ ಉರಿಯುತ್ತಾ ಇಳಿಯುತ್ತಿತ್ತು. ಗೋಣಿಗೆ ನೀರು ಹಾಕಲು ಹೋದವನು ಕಿಟಕಿಯ ಸಂದಿಯಿಂದ ಬಂದ ತಣ್ಣನೆಯ ಗಾಳಿ ಮುಖಕ್ಕೆ ತಾಗಿ ಅಲ್ಲೇ ನಿಂತೆ. ಐದು ನಿಮಿಷ ಒಳಗೆ ಹೋಗಿ ಬಂದರೆ ಯಾವ ಹುಳು ಸಾಯುತ್ತದೆ ಎಂದುಕೊಂಡೆ. ಕಾಲು ತೊಳೆದುಕೊಂಡು, ಬಾಗಿಲು ತೆರೆದು, ಇಪ್ಪತ್ತು ವರ್ಷದ ಮೇಲೆ ಆ ಹೊಸ್ತಿಲು ದಾಟಿದೆ.

ಒಳಗೆ ಮೂರು ಅಂತಸ್ತಿನ ಸ್ಟ್ಯಾಂಡುಗಳ ಮೇಲೆ ಹುಳುಗಳೆಲ್ಲ ತಲೆ ಎತ್ತಿ ಜ್ವರಕ್ಕೆ ಕೂತಿದ್ದವು. ಒಂದು ಸದ್ದಿಲ್ಲ. ನಾನು ಅಂಗಿ ಬಿಚ್ಚಿ ಎರಡು ಸ್ಟ್ಯಾಂಡುಗಳ ನಡುವೆ ಗಾರೆ ನೆಲದ ಮೇಲೆ ಅಂಗಾತ ಮಲಗಿದೆ. ಆ ಸುಖವನ್ನು ಹೇಗೆ ಹೇಳಲಿ? ಬೆನ್ನಿನ ಉರಿಯನ್ನೆಲ್ಲ ನೆಲ ಹೀರಿಕೊಂಡಿತು. ನನಗೆ ನಿದ್ದೆ ಬಂತು. ಎಚ್ಚರವಾದಾಗ ಗಂಟೆ ನಾಲ್ಕು. ಏಳಲು ನೋಡಿದೆ, ಆಗಲಿಲ್ಲ. ತಣ್ಣನೆಯ ನೆಲದ ಮೇಲೆ ಎರಡು ಗಂಟೆ ಅಲ್ಲಾಡದೆ ಬಿದ್ದ ಬೆನ್ನು ಏನಾಗುತ್ತದೆ ಎಂದು ಜಗತ್ತಿನಲ್ಲಿ ಯಾರಿಗಾದರೂ ಗೊತ್ತಿರಬೇಕಾದರೆ ಅದು ನನಗೆ. ಬಲಗಡೆ ಹೊರಳಲು ನೋಡಿದರೆ ಸೊಂಟದಲ್ಲಿ ಮಿಂಚು, ಎಡಗಡೆಗೂ ಅದೇ. ಕೂಗೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ, ಇದ್ದರೂ ಕೂಗುವ ಮುಖ ನನಗಿರಲಿಲ್ಲ. ಸುತ್ತಲೂ ಬಿಗಿದುಕೊಂಡು ಕೂತಿದ್ದ ಹುಳುಗಳು, ನಡುವೆ ಬಿಗಿದುಕೊಂಡು ಬಿದ್ದಿದ್ದ ನಾನು. ಅವುಗಳಿಗಾದರೂ ನಾಳೆ ಬೆಳಿಗ್ಗೆ ಹೊಸ ಚರ್ಮ ಬರುವುದಿತ್ತು.

ಸ್ಟ್ಯಾಂಡಿನ ಕಾಲು ಹಿಡಿದು, ಇಂಚಿಂಚಾಗಿ ಎಳೆದುಕೊಂಡು, ಅದನ್ನು ಗಡಗಡ ಅಲ್ಲಾಡಿಸಿ, ಕಾಲು ಗಂಟೆಗೆ ಎದ್ದು ನಿಂತೆ. ಜ್ವರದ ಹುಳುವನ್ನು ಅಲ್ಲಾಡಿಸಬಾರದೆಂಬುದು ಆಗ ತಲೆಗೆ ಹೊಳೆಯಲಿಲ್ಲ. ತಲೆಗೆ ಹೊಳೆದದ್ದು ವಾಸನೆ. ಇಡೀ ಕೋಣೆ ಬಾಮು ನಾರುತ್ತಿತ್ತು. ಸಂಜೆ ವದಿನ ಬರುತ್ತಾಳೆ, ಬಾಗಿಲು ತೆರೆದ ಕೂಡಲೇ ಗೊತ್ತಾಗುತ್ತದೆ. ಆ ಗಾಬರಿಯಲ್ಲಿ ನಾನು ಮಾಡಿದ್ದೇನು ಗೊತ್ತೇ? ವಾಸನೆ ಹೊರಗೆ ಹೋಗಲಿ ಎಂದು ಪಡುವಣ ಕಿಟಕಿಗಳ ಗೋಣಿಗಳನ್ನೆಲ್ಲ ಎತ್ತಿ ಕಟ್ಟಿ, ಬಾಗಿಲನ್ನು ಪೂರ್ತಿ ತೆರೆದಿಟ್ಟೆ. ಹೊರಗಿನ ಬಿಸಿಗಾಳಿ ಒಳಗೆ ನುಗ್ಗಿತು. ಒಂದು ಗಂಟೆ ಹಾಗೇ ಬಿಟ್ಟು, ವಾಸನೆ ಹೋಯಿತೆಂದು ಖಾತ್ರಿಯಾದ ಮೇಲೆ ಗೋಣಿ ಇಳಿಸಿ ನೀರು ಹಾಕಿ ಬಾಗಿಲು ಮುಚ್ಚಿದೆ. ಸಂಜೆ ವದಿನ ಬಂದು, ಸೀರೆ ಬದಲಿಸುವ ಮುಂಚೆ ಹುಳುಮನೆಗೆ ಹೋಗಿ ನೋಡಿ, "ಚೆನ್ನಾಗಿ ನೋಡ್ಕೊಂಡಿದೀರ" ಅಂದಳು. ಸೀಮಂತದ ಕೊಬ್ಬರಿ ಮಿಠಾಯಿ ಕೊಟ್ಟಳು. ನಾನು ಎರಡು ತಿಂದೆ.

ಜ್ವರದಿಂದ ಎದ್ದ ಹುಳುಗಳು ಹಸಿದು ಸೊಪ್ಪಿನ ಮೇಲೆ ಬೀಳಬೇಕು. ಈ ಸಲ ಅರ್ಧಕ್ಕರ್ಧ ಮೂಸಿ ನೋಡಿ ಸುಮ್ಮನಾದವು. ನಾಲ್ಕನೆಯ ದಿನಕ್ಕೆ ಮೆತ್ತಗಾಗಿ ಜೋತುಬೀಳತೊಡಗಿದವು. ಸಪ್ಪೆ ರೋಗ. ಇನ್ನೇನು ಗೂಡು ಕಟ್ಟುವ ಹುಳುಗಳನ್ನು ವದಿನ ದಿನಾ ಬುಟ್ಟಿಗಟ್ಟಲೆ ಆರಿಸಿ ಸುಣ್ಣ ಹಾಕಿದ ಗುಂಡಿಗೆ ಸುರಿದು ಬರುತ್ತಿದ್ದಳು. ರೇಷ್ಮೆ ಇಲಾಖೆಯವರೊಬ್ಬರು ಬಂದು ನೋಡಿ, "ಜ್ವರದಲ್ಲಿದ್ದಾಗ ಕಾವು ಹೊಡೆದಿದೆ ಅಮ್ಮ. ಬಿಸಿಗಾಳಿ ಏನಾದ್ರೂ ಒಳಗೆ ಬಂತಾ?" ಎಂದು ಕೇಳಿದರು. ವದಿನ ಅಣ್ಣನ ಕಡೆ ನೋಡಿದಳು. "ಒಂದು ಗಂಟೆಗೆ ನೀರ್ ಹಾಕಿದ್ದೀನಿ ಕಣೇ, ಎರಡಕ್ಕೆ ಇವ್ನು ಹಾಕವ್ನೆ" ಅಂದ ಅಣ್ಣ. ನಾನು ಹೌದೆಂದು ತಲೆಯಾಡಿಸಿದೆ. ಅವರು ಹೋದ ಮೇಲೆ ವದಿನ, "ಯಾರದೂ ತಪ್ಪಿಲ್ಲ. ನಾನ್ ಹೋಗ್ಬಾರ್ದಾಗಿತ್ತು. ಹುಳ ಬಿಟ್ಟು ಸೀಮಂತ ತಿನ್ನಕ್ಕೆ ಹೋದೆ ನೋಡು. ಇನ್ನು ಮಗು ನಾಮಕರಣಕ್ಕೂ ಹೋಗಲ್ಲ, ಎಲ್ಲಿಗೂ ಹೋಗಲ್ಲ" ಅಂದಳು.

ಬೆಳೆ ಹೋದದ್ದಕ್ಕಿಂತ ಆ ಮಾತು ನನ್ನನ್ನು ಕೊರೆಯಿತು. ಇವಳು ಹೇಳಿದ ಮೇ‌ಲೆ ಹಾಗೇ ಮಾಡುವವಳು. ನಾನು ಬಾಯಿ ಬಿಡದಿದ್ದರೆ ಇವಳು ಇನ್ನು ಸಾಯುವತನಕ ತವರಿನ ದಾರಿ ಹಿಡಿಯುವುದಿಲ್ಲ. ಆದರೂ ಎರಡು ದಿನ ಬಾಯಿ ಬಿಡಲಿಲ್ಲ. ನನ್ನ ನೋವನ್ನೇ ನೆಪ ಮಾಡಿಕೊಂಡೆ: ಈಗ ಸೊಂಟ ಹಿಡಿದಿದೆ, ಸ್ವಲ್ಪ ಸರಿಯಾಗಲಿ, ಆಮೇಲೆ ಹೇಳುತ್ತೇನೆ. ಇಪ್ಪತ್ತೆರಡು ವರ್ಷ ಜೊತೆಗಿದ್ದ ನೋವು ಇಂಥದಕ್ಕೆಲ್ಲ ಚೆನ್ನಾಗಿ ಒದಗುತ್ತದೆ. ಮದುವೆಗೆ ಹೋಗದಿರಲು, ಸಂತೆಯಿಂದ ಚೀಲ ಹೊರದಿರಲು, ಮೀಟಿಂಗ್ ತಪ್ಪಿಸಿಕೊಳ್ಳಲು ನಾನು ಅದನ್ನು ಧಾರಾಳವಾಗಿ ಬಳಸಿದ್ದೇನೆ. ನೋವು ಸುಳ್ಳಲ್ಲ, ಆದರೆ ಅದನ್ನು ಮುಂದೆ ತಳ್ಳಿ ಹಿಂದೆ ನಿಲ್ಲುವ ಅಭ್ಯಾಸ ನನಗಿದೆ. ಇದನ್ನು ಒಪ್ಪಿಕೊಳ್ಳಲು ನನಗೆ ಆ ಎರಡು ದಿನ ಬೇಕಾಯಿತು.

ಮೂರನೆಯ ದಿನ ಬೆಳಿಗ್ಗೆ ವದಿನ ಹುಳುಮನೆಯಲ್ಲಿ ಕೆಳಗೆ ಕೂತು ಸತ್ತ ಹುಳು ಆರಿಸುತ್ತಿದ್ದಳು. ನಾನು ಬಾಗಿಲ ಹೊರಗೇ ನಿಂತು, "ವದಿನಾ, ಆವತ್ತು ನಾನು ಒಳಗೆ ಬಂದಿದ್ದೆ" ಅಂದೆ.

ಅವಳು ತಲೆ ಎತ್ತಲಿಲ್ಲ. "ಯಾವತ್ತು?"

"ನೀನು ತಾಯಲೂರಿಗೆ ಹೋದ ದಿನ. ಸೆಕೆ ತಡೆಯಕ್ಕಾಗ್ಲಿಲ್ಲ. ಇಲ್ಲೇ ಕೆಳಗೆ ಮಲಗಿದ್ದೆ."

"ಬಾಮು ಹಚ್ಕೊಂಡಾ?"

"ಹೂಂ. ವಾಸ್ನೆ ಹೋಗ್ಲಿ ಅಂತ ಗೋಣಿ ಎತ್ತಿ ಕಟ್ಟಿದ್ದೆ. ಒಂದು ಗಂಟೆ."

ಹುಳು ಆರಿಸುತ್ತಿದ್ದ ಕೈ ಆಗ ನಿಂತಿತು. "ಬಾಮಿಗಾದ್ರೆ ಬೈದು ಸುಮ್ನಾಗ್ತಿದ್ದೆ ಕಣೋ. ಗೋಣಿ ಯಾಕೆ ಎತ್ತಿದೆ?"

"ನಿಂಗೆ ಗೊತ್ತಾಗ್ಬಾರ್ದು ಅಂತ."

ಅವಳು ನನ್ನ ಕಡೆ ತಿರುಗಿದಳು. "ಮನೇಲಿ ಓದಿದೋನು ನೀನೊಬ್ನೇ" ಅಂದಳು. ಮತ್ತೆ ಹುಳು ಆರಿಸತೊಡಗಿದಳು. ಆಮೇಲೆ, "ನೀನು ಎದ್ದಿದ್ದು ಹೆಂಗೆ? ಈ ನೆಲದ ಮೇಲೆ ಮಲಗಿದ್ರೆ ನಿಂಗೆ ಏಳಕ್ಕಾಗಲ್ಲ" ಅಂದಳು. ಸ್ಟ್ಯಾಂಡು ಹಿಡಿದು ಎದ್ದೆ ಅಂದೆ. "ಹೋಗಿ ನಿಮ್ಮಣ್ಣಂಗೆ ಹೇಳು. ಒಳಗೊಳಗೇ ಆ ಮನುಷ್ಯನ ಮೇಲೆ ಅನುಮಾನ ಪಟ್ಟಿದ್ದೀನಿ" ಅಂದು, ಬುಟ್ಟಿ ತುಂಬಿದ್ದರಿಂದ ಏಳಲು ಹೊರಟಳು.

ಅವಳು ಏಳುವುದನ್ನು ನಾನು ನೋಡಿದೆ. ಮೊದಲು ಎಡಗೈ ಸ್ಟ್ಯಾಂಡಿನ ಕಾಲಿಗೆ, ಬಲಗೈ ತೊಡೆಗೆ. ಒಂದು ಉಸಿರು ಒಳಕ್ಕೆ. ಸೊಂಟ ತಿರುಗಿಸದೆ, ಮೈಯನ್ನು ಇಡಿಯಾಗಿ ಪಕ್ಕಕ್ಕೆ ತಂದು, ಆಮೇಲೆ ಮೇಲಕ್ಕೆ. ಎದ್ದ ಮೇಲೂ ಎರಡು ಕ್ಷಣ ನಿಂತು, ಕಾಲು ಒಪ್ಪಿದ ಮೇಲೆ ಮೊದಲ ಹೆಜ್ಜೆ. ಹೀಗೆ ಏಳುವುದನ್ನು ಯಾರೂ ಕಲಿಸುವುದಿಲ್ಲ. ನಾನು ಇದನ್ನು ಕಲಿಯಲು ಒಂದು ವರ್ಷ ತೆಗೆದುಕೊಂಡಿದ್ದೆ. ಅವಳು ಇಷ್ಟು ಸಲೀಸಾಗಿ ಮಾಡಬೇಕಾದರೆ ಎಷ್ಟು ವರ್ಷ ಮಾಡಿರಬೇಕು?

"ನೊಪ್ಪಿನಾ ವದಿನಾ?" ಎಂದು ಕೇಳಿದೆ. "ಎಷ್ಟು ದಿನದಿಂದ?"

"ನಿಂದು ಶುರುವಾಗೋಕ್ಕಿಂತ ಮುಂಚೆಯಿಂದ" ಅಂದಳು.

"ಹೇಳೋದಲ್ವಾ?"

"ಮನೇಲಿ ಒಬ್ರಿಗಿದ್ರೆ ಸಾಕಲ್ಲ ಅಂತಿದ್ದೆ. ಎಲ್ಲಾರೂ ನಿನ್ನ ನೋಡ್ಕೊಳ್ಳೋದ್ರಲ್ಲಿದ್ರು. ನಾನೂ ಅದರಲ್ಲೇ ಇದ್ದೆ."

"ಏನ್ ಹಚ್ಕೊಳ್ತೀಯ?"

"ಹುಳ ಇಟ್ಕೊಂಡು ಏನ್ ಹಚ್ಕೊಳ್ಳೋದು? ಉಪ್ಪು ಹುರಿದು ಗಂಟು ಕಟ್ಟಿ ಇಟ್ಕೊಳ್ತೀನಿ. ಉಪ್ಪಿಗೆ ವಾಸ್ನೆ ಇಲ್ಲ."

ನನಗೆ ನಾಚಿಕೆಯಾಯಿತು. ಬೆಳೆ ಕೆಡಿಸಿದ್ದಕ್ಕೆ ಆದ ನಾಚಿಕೆಗಿಂತ ಇದು ದೊಡ್ಡದು. ಸೊಪ್ಪಿನ ಹೊರೆ ಹೊತ್ತ ಸೊಂಟ, ದಿನಕ್ಕೆ ಹತ್ತು ಸಲ ಸ್ಟ್ಯಾಂಡಿನ ಕೆಳಗೆ ಬಗ್ಗಿದ ಮೊಣಕಾಲು, ಅದೂ ಯಾವ ಬೇಸಿಗೆಯಲ್ಲೂ ಒಂದು ಚೂರು ಬಾಮಿಲ್ಲದೆ. ನಾನು ನೋವಿನ ವಿಷಯದಲ್ಲಿ ಪಂಡಿತ ಎಂದುಕೊಂಡಿದ್ದವನು, ಒಂದೇ ಸೂರಿನಡಿ ಅವಳ ನೋವನ್ನು ಒಮ್ಮೆಯೂ ಗುರುತಿಸಲಿಲ್ಲ. ಆವತ್ತು ಬುಟ್ಟಿಯನ್ನು ಗುಂಡಿಯವರೆಗೆ ನಾನು ಹೊತ್ತೆ. ಅವಳು ಬೇಡ ಅನ್ನಲಿಲ್ಲ.

ಅಣ್ಣನಿಗೂ ಹೇಳಿದೆ. ಅವನು ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ, ಐದನೆಯ ದಿನ ಮರೆತು ಮಾತಾಡಿಬಿಟ್ಟ. ವದಿನಳನ್ನು ಕೋಲಾರಕ್ಕೆ ಕರೆದುಕೊಂಡು ಹೋಗಿ ನಮ್ಮ ಡಾಕ್ಟರಿಗೆ ತೋರಿಸಿದೆ. ಸೊಂಟ ಮತ್ತು ಮೊಣಕಾಲು ಎರಡೂ ಸವೆದಿವೆಯಂತೆ. ನನ್ನ ಕಾಯಿಲೆಯಲ್ಲ, ಆದರೆ ಅದಕ್ಕಿಂತ ಹಳೆಯದು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದಾಗ, ಹುಳ ಸಾಕ್ತಿದ್ದೆ ಅಂದಳು. ಮಗುವಿನ ನಾಮಕರಣಕ್ಕೆ ಹೋಗಿ ತಾಯಲೂರಿನಲ್ಲಿ ಮೂರು ದಿನ ಇದ್ದು ಬಂದಳು.

ಈ ಮೇ ತಿಂಗಳು ನಮ್ಮ ಮನೆಯಲ್ಲಿ ಹುಳು ಇಲ್ಲ. ಬಿಸಿಲು ಕಾಲದ ಒಂದು ಬೆಳೆ ಬಿಟ್ಟರೆ ಏನೂ ಹೋಗುವುದಿಲ್ಲ ಎಂದು ಅವಳೇ ತೀರ್ಮಾನ ಮಾಡಿದಳು. ಮಧ್ಯಾಹ್ನ ಊಟವಾದ ಮೇಲೆ ನಾವಿಬ್ಬರೂ ಒಟ್ಟಿಗೆ ಹುಳುಮನೆಗೆ ಹೋಗುತ್ತೇವೆ. ನೆಲದ ಮೇಲಲ್ಲ, ಎರಡು ನವಾರು ಮಂಚ ಹಾಕಿದ್ದೇವೆ. ಅವಳೂ ಬಾಮು ಹಚ್ಚಿಕೊಂಡಿರುತ್ತಾಳೆ, ನನಗಿಂತ ಜಾಸ್ತಿಯೇ. ಅರ್ಧ ಗಂಟೆಗೊಮ್ಮೆ ಎದ್ದು, ಖಾಲಿ ಸ್ಟ್ಯಾಂಡುಗಳ ನಡುವೆ ನಾಲ್ಕು ಸಲ ಓಡಾಡಿ ಮತ್ತೆ ಮಲಗುತ್ತೇವೆ. ಹೊರಗಿನಿಂದ ಗೋಣಿಗಳಿಗೆ ನೀರು ಹಾಕುವ ಕೆಲಸ ಅಣ್ಣನದೇ. ಮೊನ್ನೆ ಅವನು ಬಿಂದಿಗೆ ಹಿಡಿದುಕೊಂಡು ಕಿಟಕಿಯಲ್ಲಿ ಇಣುಕಿ, "ಹುಳಗಳಾಗಿದ್ರೆ ಗೂಡಾದ್ರೂ ಕಟ್ತಿದ್ವು" ಅಂದ.

ವದಿನ ಕಣ್ಣು ಮುಚ್ಚಿಕೊಂಡೇ, "ಕಟ್ಟಿದ್ದು ಸಾಕು. ಆ ಕಡೆ ಗೋಣಿ ಒಣಗೈತೆ, ನೋಡು" ಅಂದಳು.